ಮೊಣಕೈ ಕೆಳಗಿನ ನನ್ನ ಕೈ

ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಸರಿಯಾಗಿ ತಿಳಿದದ್ದು ನಲವತ್ತು ದಾಟಿದ ಮೇಲೆ, ಜುರಾಂಗ್ ವೆಸ್ಟಿನ ಒಂದು ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಫ್ಲ್ಯಾಟುಗಳ ಅಡಿಯ ಗೋಡೆಯಿಲ್ಲದ ನೆಲಮಹಡಿಯಲ್ಲಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಎದೆಗೆ ಅವುಚಿಕೊಂಡು ಬಂದ ಸ್ಪೀಚ್ ಥೆರಪಿಸ್ಟ್ ಹುಡುಗಿ ನನ್ನನ್ನು ‘ಆಂಟಿ’ ಎಂದಳು. ಅದನ್ನು ಹೇಗೋ ನುಂಗಿಕೊಂಡೆ. ಆದರೆ ಅವಳು ಬಂದು ಕೂತ ಸ್ವಲ್ಪ ಹೊತ್ತಿಗೇ ಪುಟ್ಟಿ ಗಟ್ಟಿಯಾಗಿ ನಕ್ಕಳಲ್ಲ, ಅದನ್ನು ನುಂಗಿಕೊಳ್ಳಲು ಇವತ್ತಿಗೂ ಆಗಿಲ್ಲ.

ಪುಟ್ಟಿ ಎಂಬುದು ಕೇಂದ್ರದಲ್ಲಿ ನಾನಿಟ್ಟ ಮುದ್ದಿನ ಹೆಸರು. ಇಂಥ ಪ್ರಕರಣದಲ್ಲಿ ನೊಂದವರ ಗುರುತು ಬಯಲು ಮಾಡಬಾರದೆಂದು ಇಲ್ಲಿಯ ಕಾನೂನು ಹೇಳುತ್ತದೆ, ಹಾಗಾಗಿ ಇಲ್ಲಿ ಅದೇ ಹೆಸರು ಇರಲಿ. ನಾನು ಕೆಲಸ ಮಾಡುವುದು ಆ ವಾಯ್ಡ್ ಡೆಕ್ಕಿನಲ್ಲೇ ಇರುವ, ವಯಸ್ಕ ಅಂಗವಿಕಲರು ಹಗಲು ಹೊತ್ತು ಕಳೆಯುವ ಒಂದು ಕೇಂದ್ರದಲ್ಲಿ. ಅಲ್ಲಿ ನಾನು ಟ್ರೈನರ್. ಪುಟ್ಟಿ ಇಪ್ಪತ್ತಾರರ ಹೆಣ್ಣು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದುಕೊಂಡಿವೆ, ಮಾತು ಬರುವುದಿಲ್ಲ, ಆದರೆ ನಾವು ಆಡಿದ್ದೆಲ್ಲ ತಿಳಿಯುತ್ತದೆ. ಮನೆಯವರು ಉಡುಪಿ ಕಡೆಯವರು. ತಾಯಿ ಇಲ್ಲ. ತಂದೆ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಂದೆಯ ತಮ್ಮನೂ ಅದೇ ಫ್ಲ್ಯಾಟಿನಲ್ಲಿದ್ದ. ಕೇಂದ್ರದಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೆ. ಅದರಿಂದಾಗಿ ಪುಟ್ಟಿ ನನ್ನ ಪಾಲಿನ ಆಸ್ತಿ ಎನ್ನುವ ಹಾಗಾಗಿತ್ತು. ಬೇರೆ ಯಾರಾದರೂ ಅವಳಿಗೆ ಊಟ ಮಾಡಿಸಿದರೂ ನನಗೆ ಇರುಸುಮುರುಸು.

ಅವಳ ಗಾಲಿಕುರ್ಚಿಯ ಟ್ರೇ ಮೇಲೆ ನಾನೇ ಮಾಡಿದ ಚಿತ್ರಗಳ ಹಲಗೆ ಇತ್ತು. ಊಟ, ನೀರು, ಟಾಯ್ಲೆಟ್, ಟಿವಿ, ಮನೆಯವರ ಫೋಟೋ, ಬಟ್ಟೆ, ಕೈ, ಕಾಲು, ನೋವು. ನಾನು ಅವಳ ಬಲ ಮೊಣಕೈ ಕೆಳಗೆ ನನ್ನ ಕೈಯಿಟ್ಟು ಆಧಾರ ಕೊಟ್ಟರೆ, ಅವಳ ಬೆರಳು ತಡವರಿಸುತ್ತ ಒಂದು ಚಿತ್ರದ ಮೇಲೆ ಹೋಗಿ ಕೂರುತ್ತಿತ್ತು. ನನಗಿಂತ ಮುಂಚೆ ಇದ್ದ ಟ್ರೈನರ್ ಹೇಳಿಕೊಟ್ಟ ವಿಧಾನ ಅದು. ಬೇರೆಯವರು ಕೈ ಹಿಡಿದರೆ ಬೆರಳು ಏನೂ ಹೇಳುತ್ತಿರಲಿಲ್ಲ. ನಾನು ಹಿಡಿದರೆ ಹೇಳುತ್ತಿತ್ತು. ಇದನ್ನು ಕೇಂದ್ರಕ್ಕೆ ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಒಂದೇ ಕೊರತೆ ಎಂದರೆ ಬೆರಳು ಹಲಗೆಯ ಮೇಲಿದ್ದಾಗ ಅವಳ ಕಣ್ಣು ಕಿಟಕಿಯ ಕಡೆಗೋ ಫ್ಯಾನಿನ ಕಡೆಗೋ ಇರುತ್ತಿತ್ತು. ಗಮನ ಸಾಲದು ಎಂದು ನಾನೇ ತೀರ್ಮಾನ ಮಾಡಿದ್ದೆ.

ಅವಳ ತಂದೆ ನನ್ನನ್ನು ಬಹಳ ಮೆಚ್ಚಿಕೊಂಡಿದ್ದರು. ಊರಿಂದ ಚಕ್ಕುಲಿ ಬಂದರೆ ನನಗೊಂದು ಡಬ್ಬಿ ಎತ್ತಿಡುತ್ತಿದ್ದರು. “ನೀವು ಇಲ್ಲದಿದ್ರೆ ನನ್ನ ಮಗಳಿಗೆ ಬಾಯೇ ಇರ್ತಿರ್ಲಿಲ್ಲ ಮೇಡಂ,” ಎಂದು ಒಮ್ಮೆ ಕೈಮುಗಿದಿದ್ದರು. ಚಿಕ್ಕಪ್ಪ ಅದಕ್ಕೆ ಪೂರ್ತಿ ತದ್ವಿರುದ್ಧ. ಸಂಜೆ ಅವಳನ್ನು ಕರೆದುಕೊಂಡು ಹೋಗಲು ಬಂದರೆ ಮುಖ ಕೊಟ್ಟು ಮಾತಾಡುವುದಿಲ್ಲ, ಮೈಯೆಲ್ಲ ಸಿಗರೇಟ್ ವಾಸನೆ. ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಸ್ವೆಟರ್ ತೆಗೆಸುವಾಗ ಪುಟ್ಟಿಯ ಎರಡೂ ಮಣಿಕಟ್ಟಿನ ಸುತ್ತ ಕೆಂಪು ಪಟ್ಟಿಗಳು ಕಂಡವು. ಒಂದು ಕಡೆ ಚರ್ಮ ಸುಲಿದಿತ್ತು. ನಾನು ಹಲಗೆ ಇಟ್ಟು, ಮೊಣಕೈ ಹಿಡಿದು, ಯಾರು ಮಾಡಿದ್ದು ಎಂದು ಕೇಳಿದೆ. ಬೆರಳು ಚಿಕ್ಕಪ್ಪನ ಫೋಟೋ ಮೇಲೆ ಹೋಯಿತು. ಆಮೇಲೆ ಕೈ. ಆಮೇಲೆ ಬಟ್ಟೆ. ನನಗೆ ಸಿಟ್ಟು ನೆತ್ತಿಗೇರಿತು. ಅದರ ಜೊತೆಗೇ, ಇದನ್ನು ಅವಳು ನನಗೆ ಹೇಳಿದಳು, ನನಗೆ ಮಾತ್ರ ಹೇಳಿದಳು ಎಂಬ ಹೆಮ್ಮೆಯೂ ಇತ್ತು.

ಕೇಂದ್ರದ ಮುಖ್ಯಸ್ಥೆಗೆ ಹೇಳಿದೆ, ಅವರು ಅವತ್ತೇ ದೂರು ಕೊಟ್ಟರು. ದುರ್ಬಲ ವಯಸ್ಕರ ರಕ್ಷಣೆಗೆಂದೇ ಇಲ್ಲೊಂದು ಕಾಯ್ದೆ ಇದೆ. ಅದರ ಪ್ರಕಾರ ಅಧಿಕಾರಿಗಳು ಮನೆಗೆ ಹೋಗಿ ನೋಡಬಹುದು, ವೈದ್ಯರಿಂದ ಪರೀಕ್ಷೆ ಮಾಡಿಸಬಹುದು, ಅಪಾಯ ಇದ್ದರೆ ಸುರಕ್ಷಿತ ಜಾಗಕ್ಕೆ ಸ್ಥಳಾಂತರಿಸಬಹುದು. ಅಂಗವಿಕಲರ ಮೇಲೆ ಕೈ ಮಾಡಿದವರಿಗೆ ಶಿಕ್ಷೆಯೂ ಮಾಮೂಲಿಗಿಂತ ಹೆಚ್ಚು. ಬಂದ ರಕ್ಷಣಾಧಿಕಾರಿ ಚೀನೀ ಹೆಂಗಸು, ಮಿತಭಾಷಿ. ಗಾಯ ನೋಡಿ, ಫೋಟೋ ತೆಗೆಸಿ, ಪುಟ್ಟಿಯನ್ನು ತಾತ್ಕಾಲಿಕವಾಗಿ ಕ್ಲೆಮೆಂಟಿಯ ಹತ್ತಿರದ ಒಂದು ವಸತಿಗೃಹದಲ್ಲಿ ಇರಿಸುವ ವ್ಯವಸ್ಥೆ ಮಾಡಿದರು. ಹಗಲು ಹೊತ್ತು ಅಲ್ಲಿಂದಲೇ ನಮ್ಮ ಕೇಂದ್ರಕ್ಕೆ ಬರುತ್ತಿದ್ದಳು.

ತಂದೆ ಮೊದಲು, ಅದು ಗಾಲಿಕುರ್ಚಿಯ ಬೆಲ್ಟಿನ ಗುರುತು ಎಂದರು. ನನ್ನ ಹಲಗೆಯ ವಿಷಯ ತಿಳಿದ ಮೇಲೆ ತಲೆ ಚಚ್ಚಿಕೊಂಡು, ತಮ್ಮನನ್ನು ಈ ಕ್ಷಣವೇ ಮನೆಯಿಂದ ಆಚೆ ಕಳಿಸುತ್ತೇನೆ, ಮಗಳನ್ನು ಕೊಡಿ ಎಂದರು. ಚಿಕ್ಕಪ್ಪ ತಾನಲ್ಲ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡ. ನನಗೆ ಎಲ್ಲ ಮುಗಿಯಿತು ಎನಿಸಿತು. ಚಿಕ್ಕಪ್ಪ ಹೊರಗೆ, ಪುಟ್ಟಿ ಅಪ್ಪನ ಮನೆಗೆ, ನಾನು ಕೇಂದ್ರದಲ್ಲಿ ನಾಲ್ಕು ಜನರ ಕಣ್ಣಲ್ಲಿ ದೊಡ್ಡವಳು.

ಅಧಿಕಾರಿ ಮಾತ್ರ ನನ್ನ ಹಲಗೆಯ ಮುಂದೆ ಇನ್ನೊಮ್ಮೆ ಕುಳಿತರು. ಅವಳು ಹೇಗೆ ಹೇಳುತ್ತಾಳೆ ತೋರಿಸಿ ಎಂದರು. ನಾನು ಉತ್ಸಾಹದಿಂದ ತೋರಿಸಿದೆ. ಅವರು ಹಲಗೆ ನೋಡಲಿಲ್ಲ, ಒಮ್ಮೆ ಪುಟ್ಟಿಯ ಕಣ್ಣು ನೋಡಿದರು, ಒಮ್ಮೆ ಮೊಣಕೈ ಕೆಳಗಿದ್ದ ನನ್ನ ಕೈ ನೋಡಿದರು. ಆಮೇಲೆ ವಿವರಿಸಿದರು: ಇವರು ವಯಸ್ಕರು. ಸ್ವಂತ ನಿರ್ಧಾರ ಮಾಡಬಲ್ಲರು ಎಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಆಗುವ ಸಹಾಯವನ್ನೆಲ್ಲ ಕೊಟ್ಟು ನೋಡದೆ ‘ಇವರಿಂದ ಆಗುವುದಿಲ್ಲ’ ಎನ್ನುವ ಹಾಗಿಲ್ಲ. ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂಬುದಕ್ಕೆ ಇವರದೇ ಒಪ್ಪಿಗೆ ಬೇಕು. ಆದರೆ ಅದು ಇವರದೇ ಮಾತಾಗಿರಬೇಕು. ಹಾಗಾಗಿ ಹೊರಗಿನ ಥೆರಪಿಸ್ಟ್ ಒಬ್ಬರನ್ನು ಕರೆಸುತ್ತೇನೆ, ಪ್ರಕರಣದ ವಿಷಯ ಅವರಿಗೆ ಏನೂ ಹೇಳಬೇಡಿ.

ಹೀಗೆ ಬಂದವಳು ಆ ಹುಡುಗಿ. ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಮಂಗಳೂರಿನವರು. ಡಿಗ್ರಿ ಮೇಲೆ ಡಿಗ್ರಿ. ಉಗುರಿಗೆ ಹಳದಿ ಬಣ್ಣ. ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಕೂತು ಪುಟ್ಟಿಗೆ “ಎಂಚ ಉಲ್ಲರ್?” ಎಂದಳು. ಹೇಗಿದ್ದೀರಿ ಎಂದು, ತುಳುವಿನಲ್ಲಿ. ಅದೂ ಬಹುವಚನ. ಪುಟ್ಟಿ ನಕ್ಕದ್ದು ಆಗಲೇ. ಅಷ್ಟು ವರ್ಷ ಜೊತೆಗಿದ್ದು ನಾನು ಅವಳಿಗೆ ಒಂದು ಸಲವೂ ‘ನೀವು’ ಎಂದಿರಲಿಲ್ಲ. ಮನೆಯಲ್ಲಿ ಆಡುವುದು ತುಳು ಎಂದು ಗೊತ್ತಿದ್ದೂ ಎರಡು ಮಾತು ಕಲಿತಿರಲಿಲ್ಲ.

ಅವಳು ಮೊದಲು ನನ್ನ ವಿಧಾನವನ್ನೇ ಪರೀಕ್ಷಿಸಿದಳು. ನನಗೂ ಪುಟ್ಟಿಗೂ ಒಂದೊಂದು ಕಾರ್ಡ್ ತೋರಿಸುವುದು, ಒಬ್ಬರ ಕಾರ್ಡ್ ಇನ್ನೊಬ್ಬರಿಗೆ ಕಾಣದ ಹಾಗೆ ಮಧ್ಯೆ ಅಡ್ಡ ಹಲಗೆ. ಆಮೇಲೆ ನಾನು ಮೊಣಕೈ ಹಿಡಿಯುವುದು, ಪುಟ್ಟಿ ತಾನು ಕಂಡದ್ದನ್ನು ತೋರಿಸುವುದು. ಮೊದಲು ಲೋಟ. ನನ್ನ ಕಾರ್ಡಿನಲ್ಲೂ ಲೋಟ ಇತ್ತು, ಬೆರಳು ಲೋಟದ ಮೇಲೆ ಹೋಯಿತು. ಬಸ್ಸು, ಅದೂ ಸರಿ. ನಾನು ಆ ಹುಡುಗಿಯ ಮುಖ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದೆ. ಮುಂದಿನ ಸಲ ನನ್ನ ಕಾರ್ಡಿನಲ್ಲಿ ಚಪ್ಪಲಿ ಇತ್ತು. ಬೆರಳು ಚಪ್ಪಲಿಯ ಮೇಲೆ ಹೋಯಿತು. ಅವಳು ಪುಟ್ಟಿಯ ಕಾರ್ಡ್ ತಿರುಗಿಸಿದಳು. ಬಾಳೆಹಣ್ಣು.

ಮತ್ತೆ ಮಾಡಿಸಿದಳು. ಮತ್ತೆ ಬೆರಳು ಹೋಗಿದ್ದು ನನ್ನ ಕಾರ್ಡಿನ ಚಿತ್ರಕ್ಕೇ. ನಾನು ಒಂದಿಷ್ಟೂ ತಳ್ಳಿರಲಿಲ್ಲ, ದೇವರಾಣೆಗೂ ಇಲ್ಲ. ಹಿಡಿದವರಿಗೇ ಗೊತ್ತಿಲ್ಲದ ಹಾಗೆ ಅವರ ಕೈ ದಾರಿ ತೋರಿಸಿಬಿಡುತ್ತದೆ, ಬೇಕೆಂದು ಯಾರೂ ಮಾಡುವುದಿಲ್ಲ ಎಂದು ಆ ಹುಡುಗಿ ಮೆತ್ತಗೆ ಹೇಳಿದಳು. ಅವಳ ಕರುಣೆ ನನಗೆ ಬೇಕಿರಲಿಲ್ಲ.

ಆಮೇಲೆ ಅವಳು ತನ್ನ ಪ್ಲಾಸ್ಟಿಕ್ ಹಾಳೆ ತೆಗೆದಳು. ಕಿಟಕಿ ಗಾಜಿನಷ್ಟು ತಿಳಿಯಾದ ಹಾಳೆ, ನಡುವೆ ದೊಡ್ಡ ತೂತು, ನಾಲ್ಕು ಮೂಲೆಗೆ ನಾಲ್ಕು ಚಿತ್ರ. ಅದನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟಿಯ ಎದುರು ಕೂತಳು. ಪುಟ್ಟಿಯ ಕಣ್ಣು ಯಾವ ಮೂಲೆಗೆ ಹೋಗಿ ನಿಲ್ಲುತ್ತದೋ ಅದು ಉತ್ತರ. ಎದುರು ಕೂತವರಿಗೆ ತೂತಿನಿಂದ ನೇರ ಕಾಣುತ್ತದೆ. ನಾನು ಅಭ್ಯಾಸದಂತೆ ಮೊಣಕೈಗೆ ಕೈ ಹಾಕಿದೆ.

“ಆಂಟಿ, ಕೈ ತೆಗೀರಿ ಲಾ,” ಎಂದಳು ಅವಳು, ಇಲ್ಲಿಯವರ ‘ಲಾ’ ಸೇರಿಸಿ. “ಅವರಿಗೆ ಸ್ವಲ್ಪ ಟೈಮ್ ಕೊಡೋಣ.”

ನನ್ನನ್ನು ಹೊರಗೆ ಕಳಿಸಿದರು. ಆ ಹುಡುಗಿಯನ್ನೂ ಹೊರಗೆ ಕಳಿಸಿ, ಅಧಿಕಾರಿ ಒಬ್ಬರೇ ಪುಟ್ಟಿಗೆ ವಸ್ತುಗಳನ್ನು ತೋರಿಸಿದರು. ಆಮೇಲೆ ಅವಳು ಒಳಗೆ ಹೋಗಿ ಕಣ್ಣು ಓದಿದಳು. ಒಂದೂ ತಪ್ಪಾಗಲಿಲ್ಲವಂತೆ. ಪುಟ್ಟಿ ಬೇಗ ಬೇಗ ಹೇಳುತ್ತಿದ್ದಳಂತೆ, ಮುಗಿದ ಮೇಲೂ ಇನ್ನೂ ಬೇಕು ಎಂದು ಹಾಳೆಯನ್ನೇ ನೋಡುತ್ತಿದ್ದಳಂತೆ. ನಿಮ್ಮನ್ನು ಏನೆಂದು ಕರೆಯಲಿ ಎಂದು ಆ ಹುಡುಗಿ ಕೇಳಿದಾಗ, ‘ಪುಟ್ಟಿ’ ಬಿಟ್ಟು ತನ್ನ ಪೂರ್ತಿ ಹೆಸರನ್ನು ಆರಿಸಿಕೊಂಡಳಂತೆ. ಇದನ್ನೆಲ್ಲ ಮುಖ್ಯಸ್ಥೆ ಸಂತೋಷದಿಂದ ನನಗೆ ವರದಿ ಮಾಡಿದರು. ನಾನು ತಲೆನೋವು ಎಂದು ಬೇಗ ಮನೆಗೆ ಹೊರಟೆ. ಎಂಆರ್‌ಟಿ ರೈಲಿನಲ್ಲಿ ಕೂತು, ಆ ಹಳದಿ ಉಗುರಿನವಳಿಗೆ ಮುಂದಿನ ಸಲವಾದರೂ ಒಂದು ತಪ್ಪಾಗಲಿ ಎಂದು ಮನಸಾರೆ ಹಾರೈಸಿದೆ. ಯಾರದೋ ಹೆಂಡತಿ ಗಂಡನ ಫೋನಿನಲ್ಲಿ ಇನ್ನೊಬ್ಬಳ ಹೆಸರು ಕಂಡರೆ ಹೇಗಾಗುತ್ತದೋ ಹಾಗಾಗಿತ್ತು ನನಗೆ.

ಮರುದಿನ ಮುಖ್ಯಸ್ಥೆ ನನ್ನನ್ನು ಒಳಗೆ ಕರೆದರು. ಗಾಯ ನಿಜ, ಫೋಟೋ ಇವೆ. ತಂದೆ ತಮ್ಮನನ್ನು ಹೊರಗೆ ಹಾಕಲು ಒಪ್ಪಿದ್ದಾರೆ. ಚಿಕ್ಕಪ್ಪ ಆ ಮನೆಗೆ ಕಾಲಿಡದ ಹಾಗೆ ಕೋರ್ಟಿನ ಆದೇಶ ತಂದರೆ ಸಾಕು, ವಿಷಯ ಮುಗಿಯುತ್ತದೆ. ಕಾರ್ಡಿನ ಆಟದಲ್ಲಿ ತಪ್ಪಾಯಿತು ಎಂದ ಮಾತ್ರಕ್ಕೆ ಅವತ್ತಿನ ಹೇಳಿಕೆಯೂ ತಪ್ಪು ಎಂದೇನಿಲ್ಲ. ನೀವು ನಿಮ್ಮ ಮಾತಿಗೆ ಗಟ್ಟಿಯಾಗಿ ನಿಲ್ಲಿ, ಇಲ್ಲದಿದ್ದರೆ ಕೇಂದ್ರದ ಹೆಸರೂ ಹಾಳು ಎಂದರು. ನನಗೂ ಅದೇ ಬೇಕಾಗಿತ್ತು. ನನ್ನ ಹೇಳಿಕೆ ನಿಂತರೆ ಪುಟ್ಟಿಯ ಬಾಯಿ ನಾನೇ. ಹಿಂತೆಗೆದುಕೊಂಡರೆ ಎಲ್ಲ ಮೊದಲಿಂದ ಶುರು, ಅದೂ ಆ ಹುಡುಗಿಯ ಕೈಯಲ್ಲಿ.

ಆಗಲಿ ಎಂದು ಹೊರಗೆ ಬಂದೆ. ಪುಟ್ಟಿ ಕಿಟಕಿಯ ಹತ್ತಿರ ಕೂತಿದ್ದಳು. ಯಾವ ಉದ್ದೇಶವೂ ಇಲ್ಲದೆ ಹಲಗೆ ಇಟ್ಟು ಮೊಣಕೈ ಹಿಡಿದೆ. ನೀರು ಬೇಕಾ ಎಂದೆ. ಬೆರಳು ನೀರಿನ ಚಿತ್ರಕ್ಕೆ ಹೋಯಿತು. ಈ ಸಲ ನಾನು ಬೆರಳು ಬಿಟ್ಟು ಕಣ್ಣು ನೋಡಿದೆ. ಅವು ಹಲಗೆಯ ಹತ್ತಿರಕ್ಕೂ ಬಂದಿರಲಿಲ್ಲ. ಬಾಗಿಲಿನ ಕಡೆ, ಆ ಹುಡುಗಿ ಬರುವ ದಾರಿಯ ಕಡೆ ಇದ್ದವು. ನನಗೆ ಹೊಟ್ಟೆ ಉರಿಯಿತು. ಸೋಮವಾರ ಚಿಕ್ಕಪ್ಪನ ಫೋಟೋ ಮೇಲೆ ಬೆರಳು ಹೋದಾಗ ಅವಳ ಕಣ್ಣು ಎಲ್ಲಿತ್ತು? ನಾನು ನೋಡಿಯೇ ಇರಲಿಲ್ಲ. ಚಿಕ್ಕಪ್ಪನನ್ನು ಕಂಡರೆ ಆಗದಿದ್ದುದು ಯಾರಿಗೆ? ನನಗೆ.

ವಾಯ್ಡ್ ಡೆಕ್ಕಿನ ಕಂಬದ ಹಿಂದೆ ನಿಂತು ಅಧಿಕಾರಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಎಂದು ಹೇಳಿದ್ದು ನನ್ನ ಕೈ ಇದ್ದಾಗ, ಅದನ್ನು ಅವಳ ಮಾತೆಂದು ಲೆಕ್ಕಕ್ಕೆ ಹಿಡಿಯಬೇಡಿ, ಯಾರ ಮೇಲೂ ಆದೇಶ ತರಬೇಡಿ, ಅವಳನ್ನು ಮನೆಗೂ ಕಳಿಸಬೇಡಿ, ಮೊದಲಿಂದ ಕೇಳಿ ಎಂದೆ. ಯಾರು ಕೇಳಬೇಕು ಎಂದರು ಅವರು. ಉತ್ತರ ಅವರಿಗೂ ಗೊತ್ತಿತ್ತು, ಆದರೂ ನನ್ನ ಬಾಯಿಂದ ಬರಲಿ ಎಂದು ಕಾದರು. ಆ ಹುಡುಗಿಯೇ ಓದಲಿ, ಅವಳಿಗೆ ಏನೂ ಗೊತ್ತಿಲ್ಲ, ಅದೇ ಒಳ್ಳೆಯದು ಎಂದೆ. ಆ ಮಾತು ಹೇಳುವಾಗ ಬೇವು ಅಗಿದಷ್ಟು ಕಹಿಯಾಯಿತು.

ವಿಚಾರಣೆಗೆ ಮುಂಚೆ ವೈದ್ಯರು ಬಂದರು. ಪುಟ್ಟಿಗೆ ವಿಷಯ ಅರ್ಥವಾಗುತ್ತದೆಯೇ, ನೆನಪಿಟ್ಟುಕೊಂಡು ಅಳೆದು ತೂಗುತ್ತಾಳೆಯೇ, ನಿರ್ಧಾರ ತಿಳಿಸಬಲ್ಲಳೇ ಎಂದು ಆ ಹಾಳೆಯ ಮೂಲಕವೇ ನೋಡಿ, ಹೌದು ಎಂದು ಬರೆದುಕೊಟ್ಟರು. ಪ್ರಶ್ನೆಗಳ ಚಿತ್ರಗಳನ್ನು ಪ್ರಕರಣ ತಿಳಿಯದ ಬೇರೊಬ್ಬರು ತಯಾರಿಸಿದರು. ಮನೆಯವರ ಜೊತೆ ನೆರೆಯವರು, ಬಸ್ ಡ್ರೈವರ್, ಕೇಂದ್ರದವರು, ಅಷ್ಟೇ ಏಕೆ, ನನ್ನ ಫೋಟೋ ಕೂಡ ಇತ್ತು. ಪ್ರತಿ ಸಲವೂ ಒಂದು ಮೂಲೆಯಲ್ಲಿ ‘ಇದರಲ್ಲಿಲ್ಲ’ ಎಂಬ ಗುರುತು ಇರಲೇಬೇಕು, ಒಂದೇ ಪ್ರಶ್ನೆಯನ್ನು ಚಿತ್ರಗಳ ಜಾಗ ಬದಲಿಸಿ ಮತ್ತೆ ಕೇಳಬೇಕು, ಎಲ್ಲ ವಿಡಿಯೋ ಆಗಬೇಕು. ಅಷ್ಟರಲ್ಲಿ ಮಣಿಕಟ್ಟಿನ ಗುರುತೂ ಮಾಸಿತ್ತು, ಆ ಹುಡುಗಿಗೆ ಊಹಿಸಲೂ ಏನೂ ಉಳಿದಿರಲಿಲ್ಲ. ಅವಳು ನನ್ನ ಜೊತೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತು ಟೀ ಕುಡಿಯುತ್ತ, ಪ್ರಕರಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇಷ್ಟು ಶಿಸ್ತು ಈ ವಯಸ್ಸಿಗೆ ಎಲ್ಲಿಂದ ಬಂತೋ ಎಂದು ಅದಕ್ಕೂ ಕರುಬಿದೆ.

ವಿಚಾರಣೆಯ ದಿನ ಕಚೇರಿಯಲ್ಲಿ ಅಧಿಕಾರಿ ಪುಟ್ಟಿಗೆ, ಧೈರ್ಯಕ್ಕೆ ಪರಿಚಯದವರು ಯಾರಾದರೂ ಜೊತೆಗೆ ಇರಬಹುದು ಎಂದರು. ಹಾಳೆಯಲ್ಲಿ ನಾನು, ತಂದೆ, ಕೇಂದ್ರದ ಆಯಾ, ಯಾರೂ ಬೇಡ. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಪುಟ್ಟಿಯ ಕಣ್ಣು ನನ್ನ ಫೋಟೋ ದಾಟಿ ‘ಯಾರೂ ಬೇಡ’ಕ್ಕೆ ಹೋಗಿ ನಿಂತಿತು. ಜಾಗ ಬದಲಿಸಿ ಕೇಳಿದರು. ಅದೇ ಉತ್ತರ.

ನಾನು ಹೊರಗಿನ ಬೆಂಚಿನಲ್ಲಿ ಅವಳ ಹಲಗೆಯನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ಬಾಗಿಲ ಗಾಜಿನಿಂದ ಆ ಹುಡುಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಹಾಳೆ ಎತ್ತುತ್ತಿದ್ದಳು, ಇಳಿಸುತ್ತಿದ್ದಳು, ತೋಳು ಸೋತಾಗ ಒದರಿಕೊಳ್ಳುತ್ತಿದ್ದಳು. ನಡುವೆ ಎರಡು ಸಲ ವಿರಾಮ ಕೊಟ್ಟು ಪುಟ್ಟಿಗೆ ನೀರು ಕುಡಿಸಿದರು. ಒಂದು ಸಲ ಪುಟ್ಟಿ ಅತ್ತ ಸದ್ದು ಕೇಳಿತು. ನಾನು ಎದ್ದು ನಿಂತೆ. ಬಾಗಿಲ ಹಿಡಿಕೆಗೆ ಕೈ ಹೋಯಿತು, ಆದರೆ ತಿರುಗಿಸಲಿಲ್ಲ, ವಾಪಸ್ ಬಂದು ಕೂತೆ.

ಅವತ್ತು ಯಾರೂ ನನಗೆ ಏನೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಕೆಲವು ದಿನಗಳ ನಂತರ ಅಧಿಕಾರಿ ಕೇಂದ್ರಕ್ಕೆ ಬಂದು ಮುಖ್ಯಸ್ಥೆಯ ಎದುರು ನನಗೆ ತಿಳಿಸಿದರು. ಕೈ ಕಟ್ಟುತ್ತಿದ್ದುದು ತಂದೆ. ಕೇಂದ್ರಕ್ಕೆ ರಜೆ ಇದ್ದ ದಿನ ಮೈ ಒರೆಸುವ ಬೈರಾಸಿನಿಂದ ಕುರ್ಚಿಯ ತೋಳಿಗೆ ಎರಡೂ ಕೈ ಬಿಗಿದು, ರೂಮಿನ ಬಾಗಿಲು ಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ಗಲಾಟೆ ಮಾಡಿದರೆ ಕೆನ್ನೆಗೆ ಹೊಡೆಯುತ್ತಿದ್ದರು. ಶಿಫ್ಟ್ ಮುಗಿಸಿ ಬಂದು ಅದನ್ನು ಬಿಚ್ಚುತ್ತಿದ್ದುದು ಚಿಕ್ಕಪ್ಪ. ಅಣ್ಣನ ಮೇಲೆ ಬಾಯಿ ಬಿಡುವ ಧೈರ್ಯ ಅವನಿಗೆ ಇರಲಿಲ್ಲ. ವಿಡಿಯೋ ನೋಡಿದ ಮೇಲೆ ತಂದೆ ಒಪ್ಪಿಕೊಂಡರಂತೆ. ಅವಳ ಕೈ ಬೀಸಿ ಒಮ್ಮೆ ಬಿಸಿ ಗಂಜಿ ಚೆಲ್ಲಿತ್ತು, ಅವಳ ಒಳ್ಳೆಯದಕ್ಕೇ ಕಟ್ಟಿದೆ ಎಂದರಂತೆ.

ಚಕ್ಕುಲಿ ಡಬ್ಬಿ ನನ್ನ ಟೇಬಲ್ ಮೇಲೆಯೇ ಇತ್ತು. ನಾನು ಫೋನ್ ಮಾಡದೆ ಇದ್ದಿದ್ದರೆ ಬಿಚ್ಚುವ ಕೈಯನ್ನು ಮನೆಯಿಂದ ಹೊರಗೆ ಹಾಕಿ, ಅವಳನ್ನು ಕಟ್ಟುವ ಕೈಗೆ ಒಪ್ಪಿಸುತ್ತಿದ್ದೆವು. ಅದೂ ಅವಳದೇ ಬೆರಳಿನಿಂದ ಸಹಿ ಹಾಕಿಸಿದ ಹಾಗೆ.

ಮುಂದಿನದನ್ನು ಕಾನೂನು ನೋಡಿಕೊಂಡಿತು. ತಂದೆಯ ಮೇಲೆ ಕೇಸಾಯಿತು. ಅವಳ ಒಪ್ಪಿಗೆ ಇಲ್ಲದೆ ಅವರು ಅವಳನ್ನು ನೋಡುವಂತಿಲ್ಲ ಎಂದು ಆದೇಶವಾಯಿತು. ಎಲ್ಲಿರುತ್ತೀರಿ ಎಂದು ಕೇಳಿದಾಗ ಅವಳು ಕ್ಲೆಮೆಂಟಿಯ ವಸತಿಗೃಹವನ್ನೇ ಆರಿಸಿಕೊಂಡಳು. ಹಗಲಿಗೂ ಅಲ್ಲೇ ಉಳಿದಳು, ನಮ್ಮ ಕೇಂದ್ರಕ್ಕೆ ಬರುವುದು ನಿಂತಿತು. ಚಿಕ್ಕಪ್ಪ ಭಾನುವಾರ ಬರಲಿ ಎಂದಳು. ನಾನು ಬರಬೇಕೋ ಬೇಡವೋ ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಹಾಗಾಗಿ ಬಹಳ ದಿನ ನಾನು ಹೋಗಲಿಲ್ಲ. ಆ ನಡುವೆ ಹಾಳೆ ಹಿಡಿಯುವುದನ್ನು ಕಲಿತೆ. ಕಲಿಸಿದವಳು ಅದೇ ಹುಡುಗಿ. ತಪ್ಪಾದಾಗೆಲ್ಲ “ಪರವಾಗಿಲ್ಲ ಆಂಟಿ” ಎನ್ನುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು ಮತ್ತೆ ಹಿಡಿಯುತ್ತಿದ್ದೆ.

ಹೋದ ತಿಂಗಳು ಧೈರ್ಯ ಮಾಡಿ ಹೋದೆ. ಪುಟ್ಟಿ ಬಾಲ್ಕನಿಯಲ್ಲಿ ಕೂತಿದ್ದಳು. ಕುರ್ಚಿಯ ಹಿಂದೆ ತೂಗುಹಾಕಿದ್ದ ಹಾಳೆ ತೆಗೆದು ಎದುರು ಕೂತೆ. ಪೂರ್ತಿ ಹೆಸರು ಹಿಡಿದು, ಹೇಗಿದ್ದೀರಿ ಎಂದು ಕೇಳಿದೆ. ಉತ್ತರ ಬರುವುದು ಸ್ವಲ್ಪ ತಡವಾಯಿತು. ನನಗೆ ಗೊತ್ತಿಲ್ಲದ ಹಾಗೆಯೇ ಹಾಳೆ ಒಂದು ಕೈಗೆ ಬಂದಿತ್ತು, ಇನ್ನೊಂದು ಕೈ ಅವಳ ಮೊಣಕೈ ಕೆಳಗೆ ಹೋಗಿತ್ತು.

ಅವಳು ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಣ್ಣನ್ನು ನಿಧಾನವಾಗಿ ಬಲಗಡೆಯ ಕೆಳಗಿನ ಮೂಲೆಗೆ ತಂದು ನಿಲ್ಲಿಸಿದಳು. ಅಲ್ಲಿ ಇದ್ದದ್ದು ‘ಬೇಡ’.

ಅಷ್ಟು ವರ್ಷಗಳಲ್ಲಿ ಅವಳು ನನ್ನೆದುರು ಕೂತು ನನಗೇ ಹೇಳಿದ ಮೊದಲ ಮಾತು ಅದು. ಮಿಕ್ಕಿದ್ದನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ಇಂಥ ಮಾತು ಆ ಹುಡುಗಿಗೆ ನನಗಿಂತ ಎಷ್ಟೋ ಮೊದಲು ಸಿಕ್ಕಿತ್ತಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಕೈ ತೆಗೆದೆ, ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡು ಎರಡನೆಯ ಮಾತಿಗೆ ಕಾದೆ.